ಬಟನ್ ಮಂಕಾಗುವ ದಿನ

ತಂತ್ರಾಂಶ ಬರೆಯುವವರಲ್ಲಿ ಕೆಂಪು ಕಂಡರೆ ಖುಷಿಪಡುವ ಪಂಗಡವೊಂದಿದೆ. ಕೋಡ್ ಹುಟ್ಟುವ ಮೊದಲೇ ಅದಕ್ಕೊಂದು ಟೆಸ್ಟ್ ಬರೆದು, ಅದು ಫೇಲಾಗಿ ಕೆಂಪು ತೋರಿದ ಮೇಲೆಯೇ ಇವರು ನಿಜವಾದ ಕೆಲಸಕ್ಕೆ ಕೂರುವುದು. ಹಸಿರಾಗುವಷ್ಟು ಕೋಡ್ ಬರೆದು, ಆಮೇಲೆ ಒಪ್ಪ ಓರಣ. ‘ಟೆಸ್ಟ್ ಡ್ರಿವನ್ ಡೆವಲಪ್‌ಮೆಂಟ್’ (ಟಿಡಿಡಿ) ಎಂಬ ಈ ಪದ್ಧತಿಯ ದೊಡ್ಡ ಪ್ರಚಾರಕ ಕೆಂಟ್ ಬೆಕ್ 1997ರಲ್ಲಿ ಇನ್ನೊಬ್ಬ ಪ್ರೋಗ್ರಾಮರ್ ಎರಿಕ್ ಗಾಮಾ ಜತೆ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹಾರುವಾಗ ವಿಮಾನದಲ್ಲೇ ಕೂತು, ಟೆಸ್ಟ್‌ಗಳನ್ನು ಓಡಿಸುವ ಜೆಯೂನಿಟ್ ಎಂಬ ಸಾಧನ ಬರೆದರು. ಉಳಿದವರು ನಿದ್ದೆ ಮಾಡುತ್ತಿದ್ದಿರಬೇಕು. ಲೆಕ್ಕಾಚಾರದ ಕೋಡಿಗೆ ಈ ಶಿಸ್ತನ್ನು ಒಪ್ಪುವವರೂ ಪರದೆಯ ಮಾತು ಬಂದರೆ ಜಾರಿಕೊಳ್ಳುತ್ತಾರೆ: ಕಣ್ಣಿಗೆ ಕಾಣುವುದನ್ನು ಕಣ್ಣಲ್ಲೇ ನೋಡಿದರಾಯಿತಲ್ಲ! ನನ್ನ ತಕರಾರು ಇಲ್ಲೇ. ಪರದೆಯಲ್ಲಿ ಕೆಡುವುದು ಹೆಚ್ಚಾಗಿ ಬಣ್ಣವಲ್ಲ, ಅದರ ಸ್ಥಿತಿ.

ಭಟ್ಕಳದ ಜಾಲಿ ಕಡೆಯ ಮೀನುಗಾರರಿಗೆ ಒಂದು ಆ್ಯಪ್ ಮಾಡುತ್ತೇವೆ ಎಂದಿಟ್ಟುಕೊಳ್ಳಿ. ‘ಹೊರಟೆ’, ‘ಮರಳಿದೆ’ ಎಂದು ಎರಡೇ ಬಟನ್. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಸಾಂಪ್ರದಾಯಿಕ ನಾಡದೋಣಿಗೆ ವಿನಾಯಿತಿ. ಹಾಗಾಗಿ ಆ ದಿನಗಳಲ್ಲಿ ಯಾಂತ್ರೀಕೃತ ದೋಣಿಯವರಿಗೆ ‘ಹೊರಟೆ’ ಬಟನ್ ಮಂಕಾಗಬೇಕು. ಆಗುತ್ತದೆಯೇ ಎಂದು ನೋಡಲು ಕಣ್ಣನ್ನೇ ನಂಬಿದವರು ಮೇ 31ರ ನಡುರಾತ್ರಿ ಫೋನ್ ಹಿಡಿದು ಜಾಗರಣೆ ಕೂರಬೇಕು, ಇಲ್ಲವೇ ಫೋನಿನ ತಾರೀಖು ತಿರುಚಿ ವಾಟ್ಸಾಪ್‌ನಿಂದ ಬೈಸಿಕೊಳ್ಳಬೇಕು. ತಂತ್ರಾಂಶ ಲೇಖಕ ಮೈಕೆಲ್ ಫೆದರ್ಸ್ 2002ರಲ್ಲೇ ದಾರಿ ತೋರಿದ್ದರು: ಪರದೆಗೆ ಬುದ್ಧಿ ಕೊಡಬೇಡಿ, ಬುದ್ಧಿಯನ್ನೆಲ್ಲ ಹೊರಗಿಡಿ. ಆಗ ತಾರೀಖು ಮತ್ತು ದೋಣಿಯ ಬಗೆ ಕೊಟ್ಟು, ಬಟನ್ ಒತ್ತಲು ಬರುತ್ತದೆಯೋ ಇಲ್ಲವೋ ಎಂದು ಕೇಳಿದರೆ ಸಾಕು, ಪರದೆಯೇ ಬೇಡ. ಮೇ 31, ಜೂನ್ 1, ಜುಲೈ 31, ಆಗಸ್ಟ್ 1, ಅಂಚಿನ ಈ ದಿನಗಳನ್ನು ಮುಂಚೆಯೇ ಬರೆಯಲು ಕೂತಾಗಲೇ ಕಿತಾಪತಿಯ ಪ್ರಶ್ನೆಯೊಂದು ತಲೆ ಎತ್ತುತ್ತದೆ. ಮೇ 31ಕ್ಕೆ ಹೊರಟವನು ನಡುರಾತ್ರಿ ದಾಟಿ ಬಂದರೆ? ‘ಮರಳಿದೆ’ ಬಟನ್ನೂ ಮಂಕಾಗಿದ್ದರೆ, ಆ್ಯಪ್ ಲೆಕ್ಕದಲ್ಲಿ ಆ ಬಡಪಾಯಿ ಆಗಸ್ಟ್‌ವರೆಗೆ ಕಡಲಲ್ಲೇ!

ಡಿಸೈನರ್ ವಾರಕ್ಕೊಮ್ಮೆ ಮನಸ್ಸು ಬದಲಿಸುತ್ತಾನೆ, ಟೆಸ್ಟ್‌ಗಳೆಲ್ಲ ಮುರಿದು ಬೀಳುತ್ತವೆ ಎಂಬ ದೂರಿದೆ. ಬೀಳುವುದು ಬಣ್ಣಕ್ಕೆ ಜೋತುಬಿದ್ದ ಟೆಸ್ಟ್‌ಗಳು. ಇಡೀ ಪರದೆಯ ಅಚ್ಚು ತೆಗೆದಿಟ್ಟು ಹೋಲಿಸುವವರು ನೀಲಿ ತುಸು ತಿಳಿಯಾದರೂ ಕೆಂಪು ಕಂಡು, ಕೊನೆಗೆ ಬೇಸತ್ತು, ನೋಡದೆಯೇ ಹೊಸ ಅಚ್ಚಿಗೆ ಹೂಂಗುಟ್ಟುತ್ತಾರೆ. ಬಟನ್ ಹಸಿರಿದ್ದರೇನು, ನೀಲಿಯಿದ್ದರೇನು, ನಿಷೇಧದ ತಾರೀಖು ಡಿಸೈನರನ ಕೈಲಿಲ್ಲ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಟೆಸ್ಟೆಲ್ಲ ಹಸಿರು, ಆದರೆ ಬಟನ್ ಕೀಬೋರ್ಡ್ ಅಡಿಯಲ್ಲಿ, ಇಂಗ್ಲಿಷಿಗೆ ಅಳತೆ ಮಾಡಿದ ಪೆಟ್ಟಿಗೆಯಲ್ಲಿ ಕನ್ನಡದ ಒತ್ತಕ್ಷರದ ಬಾಲ ಕತ್ತರಿಸಿದೆ. ಒಪ್ಪಿದೆ. ಅದಕ್ಕೆ ಅಗ್ಗದ ಫೋನೊಂದನ್ನು ಒದ್ದೆ ಕೈಯಲ್ಲಿ ಹಿಡಿದು ಯಾರಾದರೂ ನೋಡಲೇಬೇಕು. ಇನ್ನು, ಇದಕ್ಕೆಲ್ಲ ಪುರಸೊತ್ತೆಲ್ಲಿದೆ ಎನ್ನುವವರಿಗೆ ಸರ್ಕಾರವೇ ವರ್ಷಕ್ಕೆ 61 ದಿನ ಕೊಟ್ಟಿದೆ.