ಹಿಮದ ಮನುಷ್ಯನಿಗೆ ಒಂದು ಪುಟ

ವಿಕಿಪೀಡಿಯದಲ್ಲಿ ಜಾಗ ಗಿಟ್ಟಿಸುವುದು ಗಂಡು ನೋಡುವ ಶಾಸ್ತ್ರದಂತೆ. ಹುಡುಗ ಒಳ್ಳೆಯವನೆಂದು ಅವನೇ ಹೇಳಿದರೆ ನಡೆಯದು, ಸೋದರಮಾವ ಹೇಳಿದರೂ ನಡೆಯದು. ಸಂಬಂಧವೇ ಇಲ್ಲದ ಮೂರನೆಯವರು, ಅದೂ ನಂಬಿಕಸ್ತರು, ವಿಸ್ತಾರವಾಗಿ ಬರೆದಿರಬೇಕು.

ಈ ಪಂಚಾಯ್ತಿಯ ಮುಂದೆ ಅಮೆರಿಕದ ವರ್ಮಾಂಟ್‌ನ ರೈತ ವಿಲ್ಸನ್ ಬೆಂಟ್ಲಿಯನ್ನು 1885ರಲ್ಲೇ ನಿಲ್ಲಿಸಿದ್ದರೆ? ಆ ಜನವರಿಯಲ್ಲಿ ಅವನು ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮಹರಳಿನ ಫೋಟೊ ತೆಗೆದಿದ್ದ. ಡಿಗ್ರಿ? ಇಲ್ಲ. ಹುದ್ದೆ? ಹಸು ಸಾಕಣೆ. ಕೀರ್ತಿ? ನೆರೆಹೊರೆಯವರ ಕಣ್ಣಲ್ಲಿ ಅರೆಮರುಳ. ಅರ್ಜಿ ವಜಾ! ಬಡಪಾಯಿ ಉಸಿರು ಬಿಗಿಹಿಡಿದು (ಬಿಟ್ಟರೆ ಹರಳು ಕರಗುತ್ತದಲ್ಲ) 5000ಕ್ಕೂ ಹೆಚ್ಚು ಫೋಟೊ ತೆಗೆದ. 1931ರಲ್ಲಿ ಪುಸ್ತಕ ಬಂತು. ಅದೇ ಡಿಸೆಂಬರಿನಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡ.

ಜಪಾನಿನ ಉಕಿಚಿರೊ ನಕಾಯಾ ಅವರದು ಸಲೀಸು. ಪ್ರೊಫೆಸರು ಬೇರೆ. 1936ರಲ್ಲಿ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಮೊಲದ ಕೂದಲಿನ ಮೇಲೆ ಕೃತಕ ಹಿಮಹರಳು ಬೆಳೆಸಿದರು. ಅಂಟಾರ್ಕ್ಟಿಕಾದ ದ್ವೀಪಗಳಿಗೇ ಅವರ ಹೆಸರಿದೆ. ಭೂಪಟದಲ್ಲೇ ಜಾಗ ಸಿಕ್ಕವರಿಗೆ ಪುಟದ ಚಿಂತೆಯೇ?

ಹಾಗಂತ ತೀರ್ಪುಗಾರರನ್ನು ಬೈಯಲಾರೆ. ಬಾಗಿಲು ತೆರೆದಿಟ್ಟರೆ ಫ್ಲೆಕ್ಸ್‌ಗಳಲ್ಲಿ ಕೈಮುಗಿದು ನಿಂತವರೆಲ್ಲ ಒಳನುಗ್ಗುತ್ತಾರೆ. ಆದರೆ 2018ರ ಮೇ ತಿಂಗಳಲ್ಲಿ ಲೇಸರ್ ವಿಜ್ಞಾನಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರ ಕುರಿತ ಕರಡನ್ನು ಆಧಾರ ಸಾಲದೆಂದು ಹಿಂದಕ್ಕೆ ಕಳಿಸಿದ್ದರು. ಅಕ್ಟೋಬರಿನಲ್ಲಿ ಆಕೆಗೆ ನೊಬೆಲ್ ಬಂತು. ಅಂದೇ ಪುಟವೂ ಎದ್ದುಬಿಟ್ಟಿತು, ಹಬ್ಬದ ದಿನ ಸುಣ್ಣ ಕಂಡ ಗೋಡೆಯ ಹಾಗೆ.