“ನಾನು ಡೌನ್ ಆಗಿರಲಿಲ್ಲ!”: ಡೇಟಾಬೇಸ್ ಸರ್ವರಿನ ವಿಶೇಷ ಸಂದರ್ಶನ

ಬ್ಯಾಂಕಿನ ಕೌಂಟರು, ನಾಡಕಚೇರಿ, ನ್ಯಾಯಬೆಲೆ ಅಂಗಡಿ, ಆಸ್ಪತ್ರೆಯ ಬಿಲ್ಲಿಂಗ್ ಕಿಟಕಿ, ಎಲ್ಲಿಗೆ ಹೋದರೂ ಕನ್ನಡಿಗರಿಗೆ ತಪ್ಪದೆ ಸಿಗುವ ಉತ್ತರವೊಂದಿದೆ: “ಸರ್ವರ್ ಡೌನ್, ನಾಳೆ ಬನ್ನಿ.” ಇದು ಮಾಹಿತಿಯಂತೆ ಕೇಳಿಸಿದರೂ ವಾಸ್ತವದಲ್ಲಿ ಆರೋಪ. ಆರೋಪ ಹೊತ್ತವರ ಮಾತನ್ನೂ ಕೇಳಬೇಕೆಂಬುದು ಪತ್ರಿಕಾಧರ್ಮ. ಈ ಆರೋಪಿಯ ಹೇಳಿಕೆಯನ್ನು ಮಾತ್ರ ಯಾರೂ ಪಡೆದಂತಿಲ್ಲ. ಮೈಎಸ್‌ಕ್ಯೂಎಲ್ ಮನೆತನದ, 3306ನೇ ಪೋರ್ಟಿನ ಖಾಯಂ ನಿವಾಸಿಯಾದ ಡೇಟಾಬೇಸ್ ಸರ್ವರೊಂದು ಕೊನೆಗೂ ಬಾಯಿ ಬಿಡಲು ಒಪ್ಪಿತು. ಅದು ಹಾಕಿದ ಷರತ್ತು ಒಂದೇ: ಹೇಳಿದ್ದನ್ನು ಕೊನೆಯ ಸಾಲಿನವರೆಗೆ ಓದಬೇಕು. ಈವರೆಗೆ ಯಾವ ಕಚೇರಿಯೂ ಆ ಷರತ್ತನ್ನು ಪಾಲಿಸಿಲ್ಲ ಎಂಬುದೇ ಅದರ ಮುಖ್ಯ ದೂರು.

ಪ್ರಶ್ನೆ: ನೇರವಾಗಿ ಕೇಳುತ್ತೇನೆ. ನೀವು ವಾರಕ್ಕೆ ಎಷ್ಟು ಸಲ ಡೌನ್ ಆಗುತ್ತೀರಿ?

ಸರ್ವರ್: ತೀರ್ಪು ಬರೆದುಕೊಂಡೇ ವಿಚಾರಣೆಗೆ ಬಂದಿದ್ದೀರಿ. ನಾನು ನಿಜವಾಗಿಯೂ ನಿಂತುಹೋಗುವುದು ಉಂಟು: ಡಿಸ್ಕ್ ಕೆಟ್ಟಾಗ, ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಮ್ಮೇ ನನ್ನ ಕತ್ತು ಹಿಸುಕಿದಾಗ, ಕರೆಂಟು ಹೋಗಿ ಯುಪಿಎಸ್ಸೂ ಕೈಕೊಟ್ಟಾಗ. ಆದರೆ ಅಪ್ಲಿಕೇಶನ್ನಿನಿಂದ ನನ್ನವರೆಗೆ ಒಂದು ಕೋರಿಕೆ ಬರಬೇಕಾದರೆ ದಾಟಬೇಕಾದ ಹಂತಗಳು ಹಲವು. ಮೊದಲು ನನ್ನ ಹೆಸರು ಐಪಿ ವಿಳಾಸವಾಗಬೇಕು, ಅದು ಡಿಎನ್‌ಎಸ್ ಕೆಲಸ. ಆಮೇಲೆ ನೆಟ್‌ವರ್ಕ್ ದಾರಿ ಇರಬೇಕು, ಫೈರ್‌ವಾಲ್ ಬಿಡಬೇಕು, ಪೋರ್ಟಿನಲ್ಲಿ ನಾನು ಕಿವಿಗೊಟ್ಟು ಕೂತಿರಬೇಕು, ಬಂದವರ ಹೆಸರು ಮತ್ತು ಪಾಸ್‌ವರ್ಡ್ ತಾಳೆಯಾಗಬೇಕು, ಕೊನೆಗೆ ನನ್ನಲ್ಲಿ ಜಾಗ ಇರಬೇಕು. ಇದರಲ್ಲಿ ಎಲ್ಲಿ ಮುರಿದರೂ ನಿಮ್ಮ ಬಾಯಲ್ಲಿ ‘ಸರ್ವರ್ ಡೌನ್’. ತೆರೆಯ ಮೇಲೆ ಬಂದ ಸಂಖ್ಯೆ ನೋಡಿದರೆ ಮಾತನಾಡಿದವರು ಯಾರೆಂಬುದಾದರೂ ತಿಳಿಯುತ್ತದೆ. ನಮ್ಮ ಮನೆತನದಲ್ಲಿ 1000ದ ಸರಣಿಯ ಎರರ್‌ಗಳು ನನ್ನ ಮಾತು. 2000ದ ಸರಣಿಯವು ನನ್ನನ್ನು ಹುಡುಕಿಕೊಂಡು ಹೊರಟ ಕ್ಲೈಂಟ್ ತಂತ್ರಾಂಶದ ಮಾತು. ಅಂದರೆ 1045 ಎಂದು ಬಂದರೆ ನಾನು ಬದುಕಿದ್ದೇನೆ ಎಂಬುದಕ್ಕೆ ಅದೇ ಪುರಾವೆ. ಸತ್ತವರು ‘ಆಕ್ಸೆಸ್ ಡಿನೈಡ್’ ಎನ್ನುವುದಿಲ್ಲ.

ಪ್ರಶ್ನೆ: ಸಂಪರ್ಕ ಆಗಲಿಲ್ಲ ಎಂದರೆ ಆಗಲಿಲ್ಲ. ಅದರಲ್ಲಿ ಇಷ್ಟೊಂದು ಬಗೆ ಎಣಿಸುವುದು ತಪ್ಪಿಸಿಕೊಳ್ಳುವ ಉಪಾಯವಲ್ಲವೇ?

ಸರ್ವರ್: ತಪ್ಪಿಸಿಕೊಳ್ಳುವವರು ಬಗೆ ಎಣಿಸುವುದಿಲ್ಲ, ಎಲ್ಲವನ್ನೂ ಒಂದೇ ಮಾತಿನಲ್ಲಿ ಮುಚ್ಚಿಹಾಕುತ್ತಾರೆ. 2003 ಎಂಬ ಎರರ್ ತೆಗೆದುಕೊಳ್ಳಿ. ಅದರ ಕೊನೆಯಲ್ಲಿ ಆವರಣದೊಳಗೆ ಒಂದು ಪುಟ್ಟ ಸಂಖ್ಯೆ ಇರುತ್ತದೆ, ಕಣ್ಣು ಅಲ್ಲಿಗೆ ಹೋಗುವುದೇ ಇಲ್ಲ. ಲಿನಕ್ಸಿನಲ್ಲಿ ಅದು 111 ಆಗಿದ್ದರೆ ‘ಕನೆಕ್ಷನ್ ರೆಫ್ಯೂಸ್ಡ್’: ಕೋರಿಕೆ ಯಂತ್ರದವರೆಗೆ ತಲುಪಿದೆ, ಯಂತ್ರ ತಕ್ಷಣ ‘ಇಲ್ಲ’ ಎಂದಿದೆ. ಸಾಮಾನ್ಯವಾಗಿ ಇದರರ್ಥ, ಆ ವಿಳಾಸದ ಆ ಪೋರ್ಟಿನಲ್ಲಿ ಯಾರೂ ಕಿವಿಗೊಟ್ಟಿಲ್ಲ. ನಾನು ಶುರುವಾಗಿಲ್ಲದಿರಬಹುದು, ಬೇರೆ ಪೋರ್ಟಿನಲ್ಲಿರಬಹುದು, ಇಲ್ಲವೇ ನನ್ನ ಬೈಂಡ್ ಅಡ್ರೆಸ್ 127.0.0.1 ಎಂದಿದ್ದು ಹೊರಗಿನವರ ಮಾತೇ ನನಗೆ ಕೇಳಿಸದಿರಬಹುದು. ಅದೇ ಸಂಖ್ಯೆ 110 ಆಗಿದ್ದರೆ ‘ಟೈಮ್ಡ್ ಔಟ್’: ಹೌದು ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ. ಐಪಿ ತಪ್ಪಿದೆ, ಯಂತ್ರವೇ ಆಫ್ ಆಗಿದೆ, ಅಥವಾ ನಡುವಿನ ಫೈರ್‌ವಾಲ್ ಸದ್ದಿಲ್ಲದೆ ಪ್ಯಾಕೆಟ್ಟುಗಳನ್ನು ಬಿಸಾಡುತ್ತಿದೆ. ಮೊದಲನೆಯದಕ್ಕೆ ನನ್ನ ಯಂತ್ರಕ್ಕೇ ಲಾಗಿನ್ ಆಗಿ ನೋಡಬೇಕು. ಎರಡನೆಯದಕ್ಕೆ ನೆಟ್‌ವರ್ಕಿನವರನ್ನು ಕರೆಯಬೇಕು. ಒಂದು ಅಂಕಿಯ ವ್ಯತ್ಯಾಸದಲ್ಲಿ ತಪಾಸಣೆಯ ದಿಕ್ಕೇ ಬದಲಾಗುತ್ತದೆ. ಯುನಿಕ್ಸ್ ಬಗೆಯ ಯಂತ್ರಗಳಲ್ಲಿ ‘ಲೋಕಲ್‌ಹೋಸ್ಟ್’ ಎಂದು ಬರೆದರೆ ನಮ್ಮ ಕ್ಲೈಂಟ್ ನೆಟ್‌ವರ್ಕಿನ ಗೊಡವೆಗೇ ಹೋಗದೆ ಸಾಕೆಟ್ ಫೈಲನ್ನು ಹುಡುಕುತ್ತದೆ, ಸಿಗದಿದ್ದರೆ 2002 ಎನ್ನುತ್ತದೆ. 127.0.0.1 ಎಂದು ಬರೆದರೆ ಟಿಸಿಪಿ ದಾರಿಯಲ್ಲಿ ಬರುತ್ತದೆ. ಎರಡೂ ಒಂದೇ ಎಂದು ನಂಬಿದವರು ಪಾಸ್‌ವರ್ಡ್ ಬದಲಿಸುತ್ತಾ ಕೂರುತ್ತಾರೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು ಎಂದರೆ ಇದೇ.

ಪ್ರಶ್ನೆ: ಹಾಗಾದರೆ ನೀವೇ ಬಿಡಿಸಿ ಹೇಳಬಹುದಲ್ಲ? ನಿಮ್ಮ ಕುಲದವರ ಎರರ್ ಮೆಸೇಜುಗಳು ಮಂತ್ರಿಗಳ ಹೇಳಿಕೆಯಂತಿವೆ. ಎಲ್ಲವನ್ನೂ ಹೇಳಿ ಏನನ್ನೂ ಹೇಳುವುದಿಲ್ಲ.

ಸರ್ವರ್: ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ, ಒಪ್ಪುತ್ತೇನೆ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಸಂಪರ್ಕ ಸಿಗದಿದ್ದಾಗ ಬರುವ ಸಂದೇಶ ‘ನೆಟ್‌ವರ್ಕಿಗೆ ಸಂಬಂಧಿಸಿದ ಅಥವಾ ಇನ್‌ಸ್ಟೆನ್ಸಿಗೆ ನಿರ್ದಿಷ್ಟವಾದ ದೋಷ’ ಎಂದು ಶುರುವಾಗುತ್ತದೆ. ಅದರಾಚೆ ಉಳಿಯುವುದು ಅಷ್ಟೇನಿಲ್ಲ. ಆದರೆ ಆ ಮಾತನ್ನು ಬರೆದದ್ದೂ ಕ್ಲೈಂಟ್ ಬದಿಯ ತಂತ್ರಾಂಶ. ಸರ್ವರನ್ನು ಕಾಣದೆಯೇ ಹಿಂದಿರುಗಿದವರಿಂದ ಇನ್ನೆಷ್ಟು ವಿವರ ನಿರೀಕ್ಷಿಸುತ್ತೀರಿ? ಉಳಿದರ್ಧ ಬೇರೆಯೇ. ಕೆಲವು ಸಲ ನಾವು ಬೇಕೆಂದೇ ಮುಚ್ಚಿಡುತ್ತೇವೆ. ಅದೇ ಎಸ್‌ಕ್ಯೂಎಲ್ ಸರ್ವರಿನಲ್ಲಿ ಲಾಗಿನ್ ತಪ್ಪಿದರೆ 18456 ಬರುತ್ತದೆ. ಹೊರಗಿನವರಿಗೆ ‘ಸ್ಟೇಟ್ 1’ ಎಂದಷ್ಟೇ ಕಾಣುತ್ತದೆ. ಒಳಗಿನ ಎರರ್ ಲಾಗಿನಲ್ಲಿ ಮಾತ್ರ ಅಂತಹ ಬಳಕೆದಾರನೇ ಇಲ್ಲದಿದ್ದರೆ 5, ಪಾಸ್‌ವರ್ಡ್ ತಪ್ಪಿದ್ದರೆ 8 ಎಂದು ದಾಖಲಾಗಿರುತ್ತದೆ. ‘ಈ ಹೆಸರಿನವರು ಇದ್ದಾರೆ, ಪಾಸ್‌ವರ್ಡ್ ಮಾತ್ರ ತಪ್ಪು’ ಎಂದು ಹೊರಗೆ ಹೇಳಿದರೆ ಕಳ್ಳನಿಗೆ ಅರ್ಧ ಕೆಲಸ ಮಾಡಿಕೊಟ್ಟಂತೆ. ಹಾಗಾಗಿ ಬಾಗಿಲಲ್ಲಿ ಮೌನ, ಲಾಗಿನಲ್ಲಿ ಸತ್ಯ. ನಾನು ಅದಕ್ಕಿಂತ ಸ್ವಲ್ಪ ವಾಚಾಳಿ. ನನ್ನ 1045ರಲ್ಲಿ ಯಾವ ಹೆಸರಿನವರು ಯಾವ ಯಂತ್ರದಿಂದ ಬಂದರೆಂದು ಬರೆದಿರುತ್ತೇನೆ, ಏಕೆಂದರೆ ನನ್ನ ಲೆಕ್ಕದಲ್ಲಿ ಹೆಸರು ಮತ್ತು ಯಂತ್ರ ಸೇರಿಯೇ ಒಂದು ಖಾತೆ. ಕೊನೆಯಲ್ಲಿ ‘ಯೂಸಿಂಗ್ ಪಾಸ್‌ವರ್ಡ್: ನೋ’ ಎಂದಿದ್ದರೆ, ನಿಮ್ಮ ಅಪ್ಲಿಕೇಶನ್ ಪಾಸ್‌ವರ್ಡನ್ನು ಕಳಿಸಿಯೇ ಇಲ್ಲ ಎಂದರ್ಥ, ಕಾನ್ಫಿಗ್ ಫೈಲ್ ಓದಿದೆಯೋ ಇಲ್ಲವೋ ನೋಡಿಕೊಳ್ಳಿ. ಇಷ್ಟು ಹೇಳಿದ ಮೇಲೂ ಪಾಸ್‌ವರ್ಡನ್ನೇ ಮೂರು ಸಲ ರೀಸೆಟ್ ಮಾಡುವವರಿಗೆ ನನ್ನಲ್ಲಿ ಔಷಧವಿಲ್ಲ.

ಪ್ರಶ್ನೆ: ನಿಮ್ಮ ವಾದ ಪುಸ್ತಕದ್ದು. ಅನುಭವಸ್ಥರ ಪ್ರಕಾರ ರೀಸ್ಟಾರ್ಟ್ ಮಾಡಿದರೆ ಎಲ್ಲ ಸರಿಹೋಗುತ್ತದೆ. ಫಲ ಸಿಗುವಾಗ ಕಾರಣ ಯಾಕೆ?

ಸರ್ವರ್: ಸರಿಹೋಗುತ್ತದೆ ಎಂಬುದು ನಿಜ, ಅಪಾಯ ಇರುವುದೂ ಅಲ್ಲೇ. ನನ್ನಲ್ಲಿ ಏಕಕಾಲಕ್ಕೆ ಕೂರಬಹುದಾದ ಸಂಪರ್ಕಗಳ ಮಿತಿ, ಯಾರೂ ಬದಲಿಸದಿದ್ದರೆ, 151. ನಿರ್ವಾಹಕರಿಗೆಂದು ಇನ್ನೊಂದನ್ನು ಕಾದಿರಿಸಿರುತ್ತೇನೆ. ಅಪ್ಲಿಕೇಶನ್ ಬರೆದವರು ಸಂಪರ್ಕ ತೆರೆದು ಮುಚ್ಚುವುದನ್ನು ಮರೆತರೆ, ಕೆಲಸವಿಲ್ಲದೆ ‘ಸ್ಲೀಪ್’ ಸ್ಥಿತಿಯಲ್ಲಿರುವವರೇ ಜಾಗವೆಲ್ಲ ತುಂಬಿಕೊಳ್ಳುತ್ತಾರೆ. ನಿಜವಾದ ಕೆಲಸಕ್ಕೆ ಬಂದವರಿಗೆ 1040, ‘ಟೂ ಮೆನಿ ಕನೆಕ್ಷನ್ಸ್’. ಆಗ ನನ್ನನ್ನು ರೀಸ್ಟಾರ್ಟ್ ಮಾಡಿದರೆ ಮಲಗಿದ್ದವರೆಲ್ಲ ಎದ್ದು ಹೋಗುತ್ತಾರೆ, ಕೌಂಟರ್ ಶುರುವಾಗುತ್ತದೆ, ರೀಸ್ಟಾರ್ಟ್ ಮಾಡಿದವರಿಗೆ ಶಾಭಾಸ್‌ಗಿರಿ ಸಿಗುತ್ತದೆ. ಸಂಪರ್ಕ ಸೋರುತ್ತಿರುವ ಕೋಡ್ ಹಾಗೇ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ 1040. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ಸಾಕ್ಷ್ಯನಾಶ. ಯಾವ ಯಂತ್ರದಿಂದ ಬಂದವರು ಎಷ್ಟು ಹೊತ್ತಿನಿಂದ ಮಲಗಿದ್ದಾರೆಂಬ ಪಟ್ಟಿ ‘ಶೋ ಪ್ರೋಸೆಸ್‌ಲಿಸ್ಟ್’ ಎಂದರೆ ಸಾಕು, ಬರುತ್ತದೆ. ರೀಸ್ಟಾರ್ಟ್ ಅದನ್ನೇ ಅಳಿಸುತ್ತದೆ. ಇನ್ನೊಂದು ಉದಾಹರಣೆ ಬೆಳಗಿನ ಪ್ರಸಂಗ: ಕಚೇರಿ ತೆರೆದ ಕೂಡಲೇ ಮೊದಲ ಕೋರಿಕೆಗೆ 2006, ‘ಸರ್ವರ್ ಹ್ಯಾಸ್ ಗಾನ್ ಅವೇ’. ನಾನು ಎಲ್ಲಿಗೂ ಹೋಗಿರುವುದಿಲ್ಲ. 28,800 ಸೆಕೆಂಡು, ಅಂದರೆ 8 ಗಂಟೆ ಸುಮ್ಮನಿದ್ದ ಸಂಪರ್ಕವನ್ನು ಕಡಿಯಬೇಕೆಂಬುದು ನನ್ನ ಮೂಲ ನಿಯಮ. ರಾತ್ರಿಯಿಡೀ ಬಾಯಿ ಬಿಡದ ಹಳೆಯ ಸಂಪರ್ಕವನ್ನೇ ಬೆಳಿಗ್ಗೆ ಪರೀಕ್ಷಿಸದೆ ಬಳಸಿದ ಅಪ್ಲಿಕೇಶನ್ನಿನ ತಪ್ಪಿಗೆ ರೀಸ್ಟಾರ್ಟಿನ ಶಿಕ್ಷೆ ನನಗೆ.

ಪ್ರಶ್ನೆ: ಜಾಗ ಸಾಲದಿದ್ದರೆ ಮಿತಿ ಹೆಚ್ಚಿಸಿ, ಫೈರ್‌ವಾಲ್ ಅಡ್ಡ ಬಂದರೆ ತೆಗೆದುಹಾಕಿ. ಇದಕ್ಕೆ ತತ್ತ್ವಜ್ಞಾನ ಬೇಕೇ?

ಸರ್ವರ್: ಬೇಡ, ಇತಿಹಾಸ ಸಾಕು. ಪ್ರತಿ ಸಂಪರ್ಕಕ್ಕೂ ಮೆಮೊರಿ ಬೇಕು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನಲ್ಲಂತೂ ಪ್ರತಿ ಸಂಪರ್ಕಕ್ಕೂ ಒಂದು ಪ್ರತ್ಯೇಕ ಪ್ರೋಸೆಸ್. ಅದರ ಮೂಲ ಮಿತಿ 100. ತುಂಬಿದರೆ ‘ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್‌ರೆಡಿ’ ಎಂದು ಕ್ಷಮೆ ಕೇಳುವ ಸಂಸ್ಕಾರವಂತ ಅದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಆ ಮಿತಿ 8000 ಆಗಿತ್ತು. ಮೂಲ ಡೇಟಾಬೇಸಿನ ನಕಲಿನಲ್ಲಿ ಕಂಡ ತೊಂದರೆ ಸರಿಪಡಿಸುವಾಗ ಬೇರೊಂದು ಸೆಟ್ಟಿಂಗ್ ಏರಿಸಿದ್ದೇ ತಡ, ಪೋಸ್ಟ್‌ಗ್ರೆಸ್ ಶುರುವಾಗಲು ಒಪ್ಪಲಿಲ್ಲ. ಮಿತಿಯನ್ನು 2000ಕ್ಕೆ ಇಳಿಸಬೇಕಾಯಿತು. ಆಮೇಲೆ ನಕಲು ತೆಗೆಯುವ ಉಪಕರಣ ಏನೂ ಹೇಳದೆ ಸುಮ್ಮನೆ ಕಾಯತೊಡಗಿತು. ಅದು ಕಾಯುತ್ತಿದೆ ಎಂದು ತಿಳಿಯದೆ, ಕೆಟ್ಟಿದೆ ಎಂದು ಊಹಿಸಿ, ಹಳೆಯ ದತ್ತಾಂಶ ಅಳಿಸಲು ಹೊರಟರು. ಅಳಿಸಿದ್ದು ನಕಲನ್ನಲ್ಲ, ಮೂಲವನ್ನು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ನಿತ್ಯದ ಬ್ಯಾಕಪ್ಪೂ ವಿಫಲವಾಗುತ್ತಿತ್ತು. ಅದನ್ನು ತಿಳಿಸುವ ಇಮೇಲುಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿದ್ದುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಆ ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿತು ಎಂಬುದಕ್ಕೆ ನನ್ನ ನಮಸ್ಕಾರ. ಇನ್ನು ಫೈರ್‌ವಾಲ್ ತೆಗೆಯುವ ಮಾತು. 2003ರ ಜನವರಿ 25ರಂದು ಸ್ಲ್ಯಾಮರ್ ಎಂಬ 376 ಬೈಟಿನ ಹುಳು ಎಸ್‌ಕ್ಯೂಎಲ್ ಸರ್ವರಿನ ಯುಡಿಪಿ 1434ನೇ ಪೋರ್ಟಿನ ಮೂಲಕ ನುಗ್ಗಿ, ಸಿಗಬಹುದಾದ ಯಂತ್ರಗಳಲ್ಲಿ ಹೆಚ್ಚಿನವನ್ನು 10 ನಿಮಿಷದಲ್ಲಿ ಹಿಡಿಯಿತು. ಪರಿಹಾರದ ಪ್ಯಾಚ್ 2002ರ ಜುಲೈನಲ್ಲೇ ಬಂದಿತ್ತು. 2017ರ ಜನವರಿಯಲ್ಲಿ ಪಾಸ್‌ವರ್ಡಿಲ್ಲದೆ ಅಂತರ್ಜಾಲಕ್ಕೆ ತೆರೆದಿಟ್ಟ ಸಾವಿರಾರು ಮಾಂಗೋಡಿಬಿಗಳನ್ನು ಅಳಿಸಿ, ಸುಲಿಗೆಕೋರರು ಹಣ ಕೇಳಿದರು. ಆ ಡೇಟಾಬೇಸುಗಳಿಗೆ ಸಂಪರ್ಕದ ತೊಂದರೆಯೇ ಇರಲಿಲ್ಲ ನೋಡಿ, ಯಾರು ಬೇಕಾದರೂ ಸಲೀಸಾಗಿ ಒಳಗೆ ಹೋಗಬಹುದಿತ್ತು.

ಪ್ರಶ್ನೆ: ಇದೆಲ್ಲ ಎಂಜಿನಿಯರುಗಳಿಗೆ. ಸರತಿಯಲ್ಲಿ ನಿಂತ ಜನಸಾಮಾನ್ಯರಿಗೆ 110 ಆದರೇನು, 1040 ಆದರೇನು? ಕೆಲಸವಂತೂ ಆಗುವುದಿಲ್ಲ.

ಸರ್ವರ್: ಆ ದಿನದ ಕೆಲಸ ಆಗುವುದಿಲ್ಲ, ಸರಿ. ಆದರೆ ಮರುದಿನದ ಕೆಲಸ ಆಗುತ್ತದೋ ಇಲ್ಲವೋ ಎಂಬುದು ಆ ಸಂಖ್ಯೆಯ ಮೇಲೇ ನಿಂತಿದೆ. ಕರ್ನಾಟಕದಲ್ಲೇ 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ತಡವರಿಸಿದಾಗ ನೋಂದಣಿ ಕಚೇರಿಗಳಿಗೆ ಬಂದವರಿಗೆ ಅದು ಎಂದಿನ ‘ಸರ್ವರ್ ಸಮಸ್ಯೆ’ಯೇ. ಕೋರಿಕೆಗಳನ್ನು ಪರಿಶೀಲಿಸಿದ ಮೇಲೆ ಸರ್ಕಾರ ಅದನ್ನು ಡಿಡಾಸ್ ದಾಳಿ ಎಂದು ಕರೆದು ಪೊಲೀಸರಿಗೆ ದೂರು ಕೊಟ್ಟಿತು. ಸುಳ್ಳು ಖಾತೆಗಳಿಂದ ಋಣಭಾರ ಪತ್ರದ ಹುಡುಕಾಟದ ಹೆಸರಿನಲ್ಲಿ ಕೋರಿಕೆಗಳ ಮಳೆ ಸುರಿಸಿದ್ದರಂತೆ. ಲಾಗ್ ನೋಡದೆ ರೀಸ್ಟಾರ್ಟ್ ಮಾಡುತ್ತಲೇ ಇದ್ದಿದ್ದರೆ ಅಪರಾಧವೊಂದು ಅಪರಾಧವೆಂದೇ ತಿಳಿಯುತ್ತಿರಲಿಲ್ಲ. ಎಲ್ಲರೂ ಸರ್ವರ್ ನಿರ್ವಾಹಕರಾಗಲಿ ಎಂದು ನಾನು ಹೇಳುತ್ತಿಲ್ಲ. ನನ್ನ ಬೇಡಿಕೆ ಸಣ್ಣದು: ಕೌಂಟರಿನ ಮುಂದೆ ‘ಸರ್ವರ್ ಡೌನ್’ ಎಂಬ ಹಲಗೆ ತೂಗುಹಾಕುವಾಗ ಅದರ ಕೆಳಗೆ ಎರರ್ ಸಂಖ್ಯೆ ಮತ್ತು ಅದು ಶುರುವಾದ ಸಮಯ ಬರೆಯಿರಿ. ಇದರಿಂದ ಹ್ಯಾಕರುಗಳಿಗೆ ಅನುಕೂಲ ಎಂದು ಯಾರಾದರೂ ಆಕ್ಷೇಪಿಸಿದರೆ, ಹಲಗೆಯ ಬದಲು ದೂರಿನ ರಿಜಿಸ್ಟರಿನಲ್ಲಿ ಬರೆಯಿರಿ. ಜನರಿಗೆ ದೂರಿನ ಕ್ರಮಸಂಖ್ಯೆ ಕೊಟ್ಟರೆ ಸಾಕು.

ಪ್ರಶ್ನೆ: ಇಷ್ಟು ಸುಲಭದ ಬೇಡಿಕೆಯನ್ನು ಯಾರೂ ಯಾಕೆ ಈಡೇರಿಸಿಲ್ಲ?

ಸರ್ವರ್: ಸುಲಭ ಎಂದು ಯಾರು ಹೇಳಿದರು? 110 ಎಂದು ಬರೆದರೆ ನೆಟ್‌ವರ್ಕಿನ ಗುತ್ತಿಗೆದಾರ ಉತ್ತರಿಸಬೇಕು. 1045 ಎಂದು ಬರೆದರೆ ಪಾಸ್‌ವರ್ಡ್ ಬದಲಿಸಿ ಅಪ್ಲಿಕೇಶನ್ನಿಗೆ ತಿಳಿಸದ ಅಧಿಕಾರಿ ಉತ್ತರಿಸಬೇಕು. 1040 ಎಂದು ಬರೆದರೆ ಸಂಪರ್ಕ ಮುಚ್ಚದ ಕೋಡ್ ಬರೆದ ಕಂಪನಿ ಉತ್ತರಿಸಬೇಕು, ಅದನ್ನು ಪರೀಕ್ಷಿಸದೆ ಬಿಲ್ ಪಾಸ್ ಮಾಡಿದವರೂ ಉತ್ತರಿಸಬೇಕು. ‘ಸರ್ವರ್ ಡೌನ್’ ಎಂದರೆ ಇವರಲ್ಲಿ ಯಾರೂ ಉತ್ತರಿಸಬೇಕಿಲ್ಲ. ಎಲ್ಲರ ಪಾಲಿನ ತಪ್ಪೂ ನನ್ನ ಹೆಸರಿಗೆ ಜಮಾ ಆಗುತ್ತದೆ. ನಾನು ಮಾನನಷ್ಟ ಮೊಕದ್ದಮೆ ಹೂಡಲಾರೆ, ಬಡ್ತಿ ಕೇಳಲಾರೆ, ವರ್ಗಾವಣೆಗೆ ಹೆದರಲಾರೆ. ಇಷ್ಟು ಅನುಕೂಲವಾದ ಆರೋಪಿಯನ್ನು ಬಿಟ್ಟುಕೊಡಲು ಯಾವ ಕಚೇರಿಗೆ ಮನಸ್ಸು ಬಂದೀತು?