ಆಫ್ ಸೀಸನ್ ರಾಯರು

ಅಮೆರಿಕದ ಯಾವ ಊರಿನ ಕನ್ನಡ ಕೂಟಕ್ಕೆ ಹೋದರೂ ಅಲ್ಲೊಬ್ಬ ಆಫ್ ಸೀಸನ್ ರಾಯರು ಸಿಕ್ಕೇ ಸಿಗುತ್ತಾರೆ. ಯುಗಾದಿ ಊಟಕ್ಕೆ ಕೂತಾಗ ಯಾರಾದರೂ ಬಾಯಿತಪ್ಪಿ "ಕ್ರಿಸ್‌ಮಸ್ ರಜಕ್ಕೆ ಮಕ್ಕಳನ್ನ ಡಿಸ್ನಿ ವರ್ಲ್ಡ್‌ಗೆ ಕರ್ಕೊಂಡು ಹೋಗಿದ್ವಿ" ಅಂದರೆ ಮುಗಿಯಿತು. "ಕ್ರಿಸ್‌ಮಸ್‌ನಲ್ಲಾ?" ಎಂದು ಎರಡು ಕುರ್ಚಿ ಆಚೆಯಿಂದ ಒಂದು ದನಿ ಬರುತ್ತದೆ. ಆ ದನಿಯಲ್ಲಿ ಬೈಗುಳವಿಲ್ಲ, ಬರೀ ಅನುಕಂಪ. ಹೋಗಿ ಬಂದವರು ಅಲ್ಲಿಯವರೆಗೆ ಸುಖವಾಗಿಯೇ ಇದ್ದವರು. ಹೋಳಿಗೆ ಮುಗಿಯುವಷ್ಟರಲ್ಲಿ, ತಾವು ಎಷ್ಟು ಡಾಲರ್ ಕಳೆದುಕೊಂಡೆವು ಎಂಬುದು ಅವರಿಗೆ ತಿಳಿದಿರುತ್ತದೆ. ತುಪ್ಪ ಬಡಿಸಲು ಬಂದವರಿಗೂ ತಿಳಿದಿರುತ್ತದೆ.

ನಮ್ಮ ಕೂಟದ ರಾಯರು ನ್ಯೂಜೆರ್ಸಿಯವರು, ಸಾಫ್ಟ್‌ವೇರ್‌ನವರು, ಐವತ್ತರ ಆಸುಪಾಸು. ಅವರನ್ನು ಜುಗ್ಗ ಎನ್ನುವವರುಂಟು. ನಾನು ಒಪ್ಪುವುದಿಲ್ಲ. ಜುಗ್ಗನಾದವನು ಡಿಸ್ನಿಗೆ ಹೋಗುವುದೇ ಇಲ್ಲ, ಮನೆಯಲ್ಲಿ ಕೂತು ಬಡ್ಡಿ ಎಣಿಸುತ್ತಾನೆ. ರಾಯರು ಹೋಗುತ್ತಾರೆ, ಸಂಸಾರ ಸಮೇತ ಹೋಗುತ್ತಾರೆ, ದುಡ್ಡೂ ಬಿಚ್ಚುತ್ತಾರೆ. ಕ್ಯೂನಲ್ಲಿ ಮುಂದೆ ನಿಂತವನು ತನಗಿಂತ ಕಡಿಮೆ ಕೊಟ್ಟಿರಬಹುದೇ ಎಂಬ ಅನುಮಾನ ಬಂದರೆ ಮಾತ್ರ ಅವರಿಗೆ ಆ ರಾತ್ರಿ ನಿದ್ದೆ ಹತ್ತುವುದಿಲ್ಲ.

ಫ್ಲಾರಿಡಾದ ಡಿಸ್ನಿ ವರ್ಲ್ಡಿನ ಬೆಲೆಯ ಚರಿತ್ರೆ ಅವರಿಗೆ ಬಾಯಿಪಾಠ. 1971ರ ಅಕ್ಟೋಬರ್ 1ರಂದು ಅಲ್ಲಿನ ಉದ್ಯಾನಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್ ಬಾಗಿಲು ತೆರೆದಾಗ ದೊಡ್ಡವರ ಪ್ರವೇಶಕ್ಕೆ ಮೂರೂವರೆ ಡಾಲರ್. ಒಳಗಿನ ಸವಾರಿಗಳಿಗೆ ಎ ಇಂದ ಇ ತನಕ ಬೇರೆ ಬೇರೆ ಚೀಟಿ, ಇ ಚೀಟಿಯದೇ ಎಲ್ಲಕ್ಕಿಂತ ಒಳ್ಳೆಯ ಸವಾರಿ. 2004ರಲ್ಲಿ ಒಂದು ದಿನದ ಟಿಕೆಟ್ 55 ಡಾಲರಿನ ಹತ್ತಿರ. 2015ರ ಫೆಬ್ರವರಿಯಲ್ಲಿ ನೂರು ದಾಟಿ 105. ಇಲ್ಲಿಯವರೆಗೆ ರಾಯರು ಸಮಾಧಾನದಿಂದಲೇ ಹೇಳುತ್ತಾರೆ. 2018ರ ಅಕ್ಟೋಬರಿಗೆ ಬಂದಾಗ ಗಂಟಲು ಕಟ್ಟುತ್ತದೆ. ಒಂದೊಂದು ತಾರೀಖಿಗೆ ಒಂದೊಂದು ಬೆಲೆ ಎಂಬ ಪದ್ಧತಿ ಶುರುವಾದದ್ದು ಆಗ.

ಹೊರಗಿನವರಿಗೆ ಇದರಲ್ಲಿ ದುಃಖಪಡುವಂಥದ್ದೇನು ಅನ್ನಿಸಬಹುದು. ರಾಯರ ಕಷ್ಟ ಬೇರೆ. ಹೊಸವರ್ಷದ ಗದ್ದಲ ಇಳಿದ ಮೇಲೆ ಜನವರಿಯಲ್ಲಿ ಯಾವ ವಾರ ಖಾಲಿ, ಆಗಸ್ಟಿನಲ್ಲಿ ಫ್ಲಾರಿಡಾದ ಶಾಲೆಗಳು ಶುರುವಾದ ಮೇಲೆ ಯಾವ ಮಂಗಳವಾರ ಖಾಲಿ ಎಂಬುದನ್ನು ಅವರು ವರ್ಷಗಟ್ಟಲೆ ಪಂಚಾಂಗ ನೋಡಿದ ಶ್ರದ್ಧೆಯಿಂದ ಕಂಡುಹಿಡಿದಿದ್ದರು. ಆ ವಿದ್ಯೆ ಕೂಟದಲ್ಲಿ ಅವರೊಬ್ಬರಿಗೇ ಇತ್ತು. ಈಗ ನೋಡಿದರೆ ಕಂಪನಿಯೇ ಕ್ಯಾಲೆಂಡರಿನ ಒಂದೊಂದು ಚೌಕದಲ್ಲೂ ಬೆಲೆ ಬರೆದು ಊರಿಗೆಲ್ಲ ಹಂಚುತ್ತಿದೆ! ಅಗ್ಗದ ದಿನ ಯಾವುದೆಂದು ಚಿಕ್ಕ ಮಕ್ಕಳಿಗೂ ಗೊತ್ತು. ಗೊತ್ತಾದ ಮೇಲೆ ಜನ ಬರುತ್ತಾರೆ, ಜನ ಬಂದ ಮೇಲೆ ಅದು ಆಫ್ ಸೀಸನ್ ಹೇಗಾದೀತು? ಜನವರಿಯಲ್ಲಿ ಮ್ಯಾರಥಾನ್ ಓಡುವವರು, ಅವರ ಬೆನ್ನಿಗೆ ಒಂದೇ ಬಣ್ಣದ ಅಂಗಿ ತೊಟ್ಟು ಹಾಡಿಕೊಂಡು ಬರುವ ಬ್ರೆಜಿಲ್‌ನ ಹುಡುಗರ ದಂಡು. "ಎಲ್ಲ ಸೀಸನ್ನೂ ಸೀಸನ್ನೇ ಆಗೋಯ್ತು" ಎನ್ನುತ್ತಾರೆ ರಾಯರು.

2025ರಲ್ಲಿ ಇಡೀ ಡಿಸ್ನಿ ವರ್ಲ್ಡಿನ ಅತಿ ಅಗ್ಗದ ದಿನ 119 ಡಾಲರ್, ಅದೂ ಅಲ್ಲಿನ ಇನ್ನೊಂದು ಉದ್ಯಾನವಾದ ಅನಿಮಲ್ ಕಿಂಗ್‌ಡಮ್‌ನಲ್ಲಿ ಮಾತ್ರ. ಕ್ರಿಸ್‌ಮಸ್ ವಾರದ ಮ್ಯಾಜಿಕ್ ಕಿಂಗ್‌ಡಮ್ 199. ಕ್ಯೂ ತಪ್ಪಿಸಲು 1999ರಿಂದ ಸುಮಾರು ಎರಡು ದಶಕ ಪುಕ್ಕಟೆಯಾಗಿ ಕೊಡುತ್ತಿದ್ದ ಫಾಸ್ಟ್‌ಪಾಸ್ ಹೋಗಿ, ಅದರ ಜಾಗದಲ್ಲಿ ದುಡ್ಡು ಕೊಟ್ಟು ಕೊಳ್ಳುವ ಪಾಸುಗಳು ಬಂದಿವೆ. ಅವುಗಳಲ್ಲೇ ಶ್ರೀಮಂತರದ್ದೊಂದು ಪಾಸು, ಸುಗ್ಗಿಯ ದಿನಗಳಲ್ಲಿ ತಲೆಗೆ 449 ಡಾಲರ್, ಟಿಕೆಟ್ ಬೇರೆ. ಇದನ್ನು ಕೊಂಡವರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ರಾಯರಿಗೆ ಆಸೆ.

ಇಷ್ಟಾದರೂ ಆಫ್ ಸೀಸನ್ನಿಗೇ ಹೋಗುವ ಹಟ ಬಿಟ್ಟಿಲ್ಲ. ಮಗಳಿಗೆ ಹತ್ತು ತುಂಬಿದರೆ ಪೂರಾ ಟಿಕೆಟ್, ಮೂರರಿಂದ ಒಂಬತ್ತರವರೆಗೆ ಕೊಂಚ ಕಡಿಮೆ. ಹುಟ್ಟುಹಬ್ಬ ಫೆಬ್ರವರಿಯಲ್ಲಿ. ಹಾಗಾಗಿ ಅವಳಿಗೆ ಹತ್ತು ತುಂಬಲಿದ್ದ ವರ್ಷದ ಜನವರಿ ಪ್ರವಾಸಕ್ಕೆ ತಡೆಯೇ ಇರಲಿಲ್ಲ. ಮಗು ಇನ್ನೊಂದು ತಿಂಗಳು ಬೆಳೆಯದೆ ಇದ್ದರೆ ಸಾಕೆಂದು ರಾಯರು ಹಾರೈಸಿದ್ದನ್ನು ಅವರ ಮನೆಯವರೇ ನಮ್ಮ ಮನೆಯಲ್ಲಿ ಹೇಳಿದರು.

ಜನವರಿ ಯಾಕೆ ಅಗ್ಗ ಎಂಬುದರ ಇನ್ನೊಂದು ಮುಖವನ್ನು ರಾಯರು ಊಟದ ಪಂಕ್ತಿಯಲ್ಲಿ ಎತ್ತುವುದಿಲ್ಲ. ಜನ ಕಡಿಮೆ ಇದ್ದಾಗಲೇ ರಿಪೇರಿ. ನೀರಿನ ಉದ್ಯಾನಗಳು ಎರಡಿವೆ, ಬ್ಲಿಜರ್ಡ್ ಬೀಚ್ ಮತ್ತು ಟೈಫೂನ್ ಲಗೂನ್. ಚಳಿಗಾಲದಲ್ಲಿ ಒಂದು ತೆರೆದಿದ್ದರೆ ಇನ್ನೊಂದಕ್ಕೆ ಬೀಗ. ಒಳಗಿನ ಸವಾರಿಗಳಲ್ಲೂ ಸರದಿಯ ಮೇಲೆ ಒಂದೊಂದು ಬಂದ್. ಬಿಗ್ ಥಂಡರ್ ಮೌಂಟನ್ ರೈಲನ್ನು 2025ರ ಜನವರಿ 6ರಂದು ಮುಚ್ಚಿದವರು, ಹಳಿ ಬದಲಾಯಿಸುವ ಕೆಲಸ ಹಿಡಿದು, ಆ ವರ್ಷವಿಡೀ ತೆರೆಯಲೇ ಇಲ್ಲ.

ಹೀಗಾಗಿ ರಾಯರ ಫೋನಿನಲ್ಲಿ ಒಂದು ಎಕ್ಸೆಲ್ ಹಾಳೆ ಇದೆ. ಟಿಕೆಟ್ಟಿನ ಬೆಲೆಯನ್ನು ಆ ದಿನ ಏರಿದ ಸವಾರಿಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಸವಾರಿಯ ಸರಾಸರಿ ದರ. ದೊಡ್ಡ ಸವಾರಿ ಒಂದು ಮುಚ್ಚಿದ್ದರೆ ಸರಾಸರಿ ಏರುತ್ತದೆ. ಅದನ್ನು ಇಳಿಸಲು ಕ್ಯೂ ಇಲ್ಲದ ಸಣ್ಣ ಸವಾರಿಗಳಿಗೆ ಸಂಸಾರವನ್ನು ಮತ್ತೆ ಮತ್ತೆ ಹತ್ತಿಸಬೇಕು. ದೋಣಿಯಲ್ಲಿ ಕೂತು ಗೊಂಬೆಗಳ ಹಾಡು ಕೇಳುವ 'ಇಟ್ಸ್ ಎ ಸ್ಮಾಲ್ ವರ್ಲ್ಡ್' ಅವರ ಪಾಲಿನ ಕಾಮಧೇನು.

"ರೀ, ಸಾಕು. ಆ ಹಾಡು ತಲೆಯೊಳಗೇ ಕೂತ್ಬಿಟ್ಟಿದೆ."

"ಇನ್ನೊಂದೇ ಒಂದು ಸಲ ಕಣೇ, ಹನ್ನೊಂದಕ್ಕೆ ಇಳಿಯುತ್ತೆ."

ಮಗಳಿಗೆ ಹತ್ತು ತುಂಬುವ ಮುಂಚಿನ ಆ ಜನವರಿ ಪ್ರವಾಸದಲ್ಲಿ ರಾಯರ ಮಾವನವರೂ ಜೊತೆಗಿದ್ದರು. ಎಲ್ಲರ ಅಪ್ಪ ಅಮ್ಮಂದಿರು ಅಮೆರಿಕಕ್ಕೆ ಬೇಸಿಗೆಯಲ್ಲಿ ಬಂದರೆ ರಾಯರ ಮಾವನವರು ಬರುವುದು ಹಿಮ ಬೀಳುವಾಗ. ವಿಮಾನದ ಟಿಕೆಟ್ಟಿಗೂ ಆಫ್ ಸೀಸನ್ ಇದೆಯಲ್ಲ. ಸಾಗರ ತಾಲ್ಲೂಕಿನ ಆನಂದಪುರದವರು, ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿ ನಿವೃತ್ತರು. ನ್ಯೂಜೆರ್ಸಿಯ ಚಳಿಯಲ್ಲಿ ಮಂಕಿ ಕ್ಯಾಪ್ ಹಾಕಿ ಕಿಟಕಿ ಪಕ್ಕ ಕೂತಿದ್ದವರು ಫ್ಲಾರಿಡಾದ ಬಿಸಿಲು ಕಂಡು ಗೆಲುವಾಗಿದ್ದರು. ಅನಿಮಲ್ ಕಿಂಗ್‌ಡಮ್‌ನ ಗೇಟಿನಲ್ಲಿ ಕಾರು ನಿಲ್ಲಿಸಲು ರಾಯರು 30 ಡಾಲರ್ ಕೊಟ್ಟದ್ದನ್ನು ಕಂಡು ಮನಸ್ಸಿನಲ್ಲೇ ಗುಣಿಸಿದರು.

"ಕಾರು ನಿಲ್ಲಿಸೋಕೇ ಎರಡೂವರೆ ಸಾವಿರವೇ ಅಳಿಯಂದಿರೇ? ನಿಲ್ಲಿಸದೆ ಸುತ್ತಾಡಿಸ್ತಾ ಇದ್ರೆ ಅಗ್ಗ ಆಗ್ತಿತ್ತಲ್ಲ."

ಭದ್ರತಾ ತಪಾಸಣೆಯಲ್ಲಿ ಚೀಲ ತೆಗೆಸಿದರು. ಒಳಗೆ ನಾಲ್ಕು ಡಬ್ಬಿ ಪುಳಿಯೋಗರೆ, ಒಂದು ಡಬ್ಬಿ ಮೊಸರನ್ನ, ಮೇಲೆ ಟಿಶ್ಯೂ ಕಾಗದದಲ್ಲಿ ಸುತ್ತಿದ ಮಿಡಿ ಉಪ್ಪಿನಕಾಯಿ. ಗಾಜಿನ ಸೀಸೆ ಇಲ್ಲ, ಮದ್ಯವಿಲ್ಲ, ಹಾಗಾಗಿ ಅಡ್ಡಿಯಿಲ್ಲ. ಹೊರಗಿನ ತಿಂಡಿಗೆ ಅಲ್ಲಿ ಅನುಮತಿಯಿದೆ. ಒಳಗಿನ ತಿಂಡಿ ಅಂಗಡಿಗಳಲ್ಲಿ ಕೇಳಿದರೆ ಐಸ್ ಹಾಕಿದ ನೀರು ಒಂದು ಲೋಟ ಧರ್ಮಕ್ಕೆ ಕೊಡುತ್ತಾರೆ. ರಾಯರಿಗೆ ಯಾವ ಅಂಗಡಿಯ ಲೋಟ ದೊಡ್ಡದು ಎಂಬುದೂ ಗೊತ್ತು.

ಉದ್ಯಾನದ ಏಷ್ಯಾ ಭಾಗಕ್ಕೆ ಬಂದಾಗ ಮಾವನವರು ಗಕ್ಕನೆ ನಿಂತರು. ಡಿಸ್ನಿಯವರು ಅಲ್ಲಿ ಕಟ್ಟಿರುವ ಕಾಲ್ಪನಿಕ ರಾಜ್ಯದ ಹೆಸರು ಆನಂದಪುರ. ಕನ್ನಡಕ ಒರೆಸಿ ಎರಡು ಸಲ ಓದಿ ಖಾತ್ರಿ ಮಾಡಿಕೊಂಡರು. ಬಣ್ಣ ಮಾಸಿದ ಗೋಡೆ, ಜೋತಾಡುವ ವಿದ್ಯುತ್ ತಂತಿ, ಬಿರುಕು ಬಿಟ್ಟ ಗಾರೆ, ಎಲ್ಲವೂ ಬೇಕೆಂದೇ ಮಾಡಿದ್ದು. "ನಮ್ಮೂರಲ್ಲಿ ಇದನ್ನೆಲ್ಲ ಸರಿಮಾಡಿ ಅಂತ ಅರ್ಜಿ ಕೊಡ್ತಿದ್ರು. ಇಲ್ಲಿ ದುಡ್ಡು ಕೊಟ್ಟು ಮಾಡಿಸಿದಾರೆ" ಎಂದರು.

ಆ ಆನಂದಪುರದ ಮುಖ್ಯ ಸವಾರಿ 'ಕಾಳಿ ರಿವರ್ ರ್ಯಾಪಿಡ್ಸ್'. ದುಂಡನೆಯ ತೆಪ್ಪದಲ್ಲಿ ಕೂತು ಮೈಯೆಲ್ಲ ನೆನೆಸಿಕೊಳ್ಳುವುದು. ಚಳಿಗಾಲದಲ್ಲಿ ಅದನ್ನು ಕೆಲವು ವಾರ ಮುಚ್ಚಿ ದುರಸ್ತಿ ಮಾಡುವುದು ವಾಡಿಕೆ, ಅಂದೂ ಮುಚ್ಚಿತ್ತು. ರಾಯರ ಮುಖ ಸಣ್ಣದಾಯಿತು, ಎಕ್ಸೆಲ್ ಹಾಳೆ ತೆರೆದರು. ಮಾವನವರು ಮಾತ್ರ ಬೇಲಿಯ ಸಂದಿಗೆ ಕಣ್ಣಿಟ್ಟು ನೀರು ಬಸಿದ ಕಾಲುವೆಯ ತಳ ನೋಡತೊಡಗಿದರು. ಕಾಳಿ ನದಿ ಅವರಿಗೆ ಹೊಸದಲ್ಲ, ದಾಂಡೇಲಿಯಲ್ಲಿ ಮೂರು ವರ್ಷ ಕೆಲಸ ಮಾಡಿದವರು.

"ನಮ್ಮ ಕಾಳಿಯಲ್ಲೂ ಮೇಲಿನ ಅಣೆಕಟ್ಟಿಂದ ನೀರು ಬಿಟ್ರೇನೇ ತೆಪ್ಪ ಓಡೋದು. ಇವರು ತಳದ ಕಾಂಕ್ರೀಟ್ ಎಷ್ಟು ಚೆನ್ನಾಗಿ ಕೆರೆದು ಹೊಸದಾಗಿ ಹಾಕ್ತಿದಾರೆ ನೋಡಿ."

"ಅದನ್ನ ನಾವು ಬಂದಾಗಲೇ ಮಾಡ್ಬೇಕಿತ್ತಾ ಮಾವ?"

"ಅವರು ಮಾಡೋವಾಗ್ಲೇ ನೀವು ಬಂದಿದೀರಿ. ಮಳೆಗಾಲಕ್ಕೆ ಮುಂಚೆ ನಾವೂ ಹೆಂಚು ಕೈಯಾಡಿಸ್ತೀವಿ. ಆಗ ನೆಂಟರನ್ನ ಕರೆಯೋದಿಲ್ಲ, ಅಷ್ಟೆ."

ಹೀಗೆ ಮಾವನವರಿಗೆ ಆ ದಿನ ಪೂರ್ತಿ ವಸೂಲಾಯಿತು. ಜೆಸಿಬಿ ಕಂಡಲ್ಲಿ ನಿಂತುಬಿಡುವ ಕನ್ನಡಿಗರ ಗುಂಪಿಗೆ ಸೇರಿದವರು ಅವರು. ಕಣ್ಣಿಗೆ ಬೀಳಬಾರದ ಕಟ್ಟಡಗಳಿಗೂ ಬೇಲಿಗಳಿಗೂ ಡಿಸ್ನಿಯವರು ಬಳಿಯುವ ಮಂಕು ಹಸಿರಿಗೆ 'ಗೋ ಅವೇ ಗ್ರೀನ್' ಎಂದು ಹೆಸರು ಎಂದು ಮೊಮ್ಮಗಳು ಹೇಳಿದಾಗ, ಮಂತ್ರಿಗಳು ಬರುವ ದಿನ ಹೊಂಡದ ಮುಂದೆ ತಾವು ಶಾಮಿಯಾನ ಕಟ್ಟಿಸುತ್ತಿದ್ದದ್ದನ್ನು ನೆನೆದು ನಕ್ಕರು. ಎವರೆಸ್ಟ್ ರೋಲರ್ ಕೋಸ್ಟರಿನ ಯೇತಿಯ ಕಥೆ ಕೇಳಿ ಇನ್ನೂ ಖುಷಿಯಾದರು. 2006ರಲ್ಲಿ ಸವಾರಿ ಶುರುವಾದಾಗ ಆ ದೈತ್ಯ ಗೊಂಬೆ ಕೈ ಬೀಸಿ ಜನರ ಮೇಲೆರಗುತ್ತಿತ್ತು. ಸ್ವಲ್ಪ ಕಾಲದಲ್ಲೇ ಅದರ ಚಲನೆ ನಿಂತಿತು. ಆಮೇಲೆ ಮಿಂಚುವ ದೀಪ ಬಿಟ್ಟು ಅಲುಗಾಡಿದಂತೆ ತೋರಿಸುತ್ತ ಬಂದಿದ್ದಾರೆ.

"ಇಷ್ಟು ವರ್ಷವಾದ್ರೂ ರಿಪೇರಿ ಆಗಿಲ್ವೇ? ಎಸ್ಟಿಮೇಟು ಮೇಲಿನವರ ಟೇಬಲ್ಲಿನಲ್ಲೇ ಕೂತಿರುತ್ತೆ ಬಿಡಿ" ಎಂದು ಇಲಾಖೆಯವರ ಮೇಲಿನ ಆಪಾದನೆಗಳಿಗೆಲ್ಲ ಅಂದು ಉತ್ತರ ಕೊಟ್ಟರು.

ರಾಯರ ನಿಜವಾದ ಆಸ್ತಿಯ ವಿಷಯ ಈಗ ಹೇಳಬೇಕು. 2004ರ ಸೆಪ್ಟೆಂಬರಿನ ಮೊದಲ ವಾರ, ಮದುವೆಯಾದ ಹೊಸತರಲ್ಲಿ, ಅವರು ಹೆಂಡತಿಯೊಡನೆ ಮೊದಲ ಸಲ ಡಿಸ್ನಿಗೆ ಹೋಗಿದ್ದರು. ಆಗಲೂ ಆಫ್ ಸೀಸನ್. ಫ್ಲಾರಿಡಾದಲ್ಲಿ ಸೆಪ್ಟೆಂಬರ್ ಅಗ್ಗವಾಗಿರುವುದಕ್ಕೆ ಚಂಡಮಾರುತವೂ ಒಂದು ಕಾರಣ ಎಂಬುದು ಆಮೇಲೆ ತಿಳಿಯಿತು. ಆ ವರ್ಷ ಚಾರ್ಲಿ, ಫ್ರಾನ್ಸಿಸ್, ಜೀನ್ ಎಂದು ಮೂರು ಚಂಡಮಾರುತಗಳು ಆರೇಳು ವಾರದೊಳಗೆ ಮಧ್ಯ ಫ್ಲಾರಿಡಾವನ್ನು ಹಾದುಹೋದವು. ಫ್ರಾನ್ಸಿಸ್ ಬಂದಾಗ ಉದ್ಯಾನಗಳನ್ನೇ ಮುಚ್ಚಿದರು. ನವದಂಪತಿ ಹೋಟೆಲಿನ ಕೋಣೆಯಲ್ಲಿ ಬಿಸ್ಕತ್ತು ತಿಂದುಕೊಂಡು ಕೂತರು. ನಾಲ್ಕು ದಿನದ ಟಿಕೆಟ್ಟಿನಲ್ಲಿ ಒಂದು ದಿನ ಉಳಿದುಬಿಟ್ಟಿತು. 2005ಕ್ಕಿಂತ ಮುಂಚೆ ಕೊಂಡ ಇಂಥ ಟಿಕೆಟ್ಟುಗಳಲ್ಲಿ ಉಳಿದ ದಿನಗಳಿಗೆ ಅವಧಿ ಮುಗಿಯುವುದೆಂಬುದೇ ಇಲ್ಲ.

ಆ ಎರಡು ಕಾರ್ಡುಗಳು ಇಂದಿಗೂ ಎಲ್‌ಐಸಿ ಬಾಂಡುಗಳ ಫೈಲಿನಲ್ಲಿವೆ. 55 ಡಾಲರಿನ ಒಂದು ದಿನ 105 ಆಗಿ, 199 ಆಗಿ ಬೆಳೆದದ್ದನ್ನು ರಾಯರು ಕಣ್ತುಂಬ ನೋಡಿದ್ದಾರೆ. ಬೆಲೆ ಏರಿತೆಂದು ಊರೆಲ್ಲ ಕೊರಗುವಾಗ ಅವರೂ ಕೊರಗುತ್ತಾರೆ, ಆದರೆ ಕಣ್ಣಂಚಿನಲ್ಲಿ ಒಂದು ಹೊಳಪು. ಬಳಸೋಣವೆಂದರೆ ಮನಸ್ಸು ಬಾರದು. ಅಗ್ಗದ ಜನವರಿಯಲ್ಲಿ ಬಳಸಿದರೆ ನಷ್ಟ. ದುಬಾರಿ ಕ್ರಿಸ್‌ಮಸ್‌ನಲ್ಲಿ ಬಳಸಿದರೆ ಲಾಭ, ಆದರೆ ಕ್ರಿಸ್‌ಮಸ್‌ನಲ್ಲಿ ಹೋಗುವುದು ಅವರ ಧರ್ಮಕ್ಕೆ ವಿರೋಧ. ಹೋದರೂ ಆ ದಟ್ಟಣೆಯಲ್ಲಿ ನಾಲ್ಕು ಸವಾರಿ ಸಿಕ್ಕರೆ ಪುಣ್ಯ, ಸರಾಸರಿ ಗಗನಕ್ಕೇರುತ್ತದೆ. "ಹಾಗಾದರೆ ಯಾವಾಗ?" ಎಂದು ಅವರ ಮನೆಯವರು ಕೇಳಿ ಕೇಳಿ ಬಿಟ್ಟಿದ್ದಾರೆ.

2026ರ ಕ್ರಿಸ್‌ಮಸ್ ವಾರಕ್ಕೆ ಮ್ಯಾಜಿಕ್ ಕಿಂಗ್‌ಡಮ್ ಟಿಕೆಟ್ 209 ಡಾಲರ್ ಎಂದು ಪ್ರಕಟವಾದ ದಿನ ರಾಯರು ಕೂಟದವರಿಗೆಲ್ಲ ಫೋನ್ ಮಾಡಿದರು. ನಿಮ್ಮ ಮನೆಯ ಹಳೆಯ ಫೈಲಿನಲ್ಲೂ ಅಂಥ ಕಾರ್ಡು ಸಿಕ್ಕರೆ ಎಸೆಯಬೇಡಿ, ಮುಂದಿನ ರಜಕ್ಕೇ ಹೋಗಿ ಬಳಸಿಬಿಡಿ. ರಾಯರಿಗೆ ಮಾತ್ರ ಕೊಡಬೇಡಿ; ಒಬ್ಬರ ಟಿಕೆಟ್ಟಿನಲ್ಲಿ ಇನ್ನೊಬ್ಬರನ್ನು ಅಲ್ಲಿ ಒಳಗೆ ಬಿಡುವುದಿಲ್ಲ.